ದೂರ ಹೊಂಟೀಯೇನು?

ನಮ್ಮ ಕಡೆ ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ನಂಬಿಕೆ. ಚಪ್ಪಲಿ ಮೆಟ್ಟಿದವರಿಗೆ ‘ದೂರ ಹೊಂಟೀರೇನು?’ ಅನ್ನಬೇಕು. ಅವರು ‘ಇಲ್ರಿ, ಇಲ್ಲೇ’ ಅನ್ನಬಹುದು, ‘ಹೌದ್ರಿ, ಸ್ವಲ್ಪ ದೂರ’ ಅನ್ನಬಹುದು. ಅಷ್ಟರಲ್ಲೇ ಎಲ್ಲ ತಿಳಿದುಕೊಳ್ಳಬೇಕು. ಸಂಶಯದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಸಂಶಯದ ಮನುಷ್ಯ.

ಇದು ನನಗೆ ಕಸುಬಿನಿಂದ ಬಂದದ್ದು. ಸಿಂದಗಿಯಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೋಲ್ಡರ್ ಹಿಡಿದವನು ಇನ್ನೂ ಕೆಳಗಿಟ್ಟಿಲ್ಲ. ಇಂಡಿ ತಾಲೂಕಿನ ಲಿಂಬೆ ತೋಟಗಳ ಗೇಟು, ಮುದ್ದೇಬಿಹಾಳದ ಮನೆಗಳ ಕಿಟಕಿ, ಬಸವನ ಬಾಗೇವಾಡಿಯ ಜಿನೆ ಮೆಟ್ಟಿಲುಗಳ ಕಠಡೆ, ಎಷ್ಟೋ ಕಡೆ ನನ್ನ ಕೈಯದೇ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ ‘ಇದು ನಂದು, ಅದೂ ನಂದು’ ಎಂದು ಹೇಳಿದರೆ ಪಕ್ಕದವರು ನನ್ನನ್ನು ದೊಡ್ಡ ಜಮೀನ್ದಾರ ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಬೆಸುಗೆ ಹಾಕಿದ ಮೇಲೆ ಅದರ ಮೇಲೆ ಒಂದು ಕರಿ ಪದರು ಕೂತಿರುತ್ತದೆ. ಸಣ್ಣ ಸುತ್ತಿಗೆಯಿಂದ ಕುಟ್ಟಿ ಅದನ್ನು ಉದುರಿಸುವ ತನಕ ಒಳಗೆ ಕಬ್ಬಿಣ ಕಬ್ಬಿಣ ಕೂಡಿದೆಯೋ, ಸುಮ್ಮನೆ ಅಂಟಿದೆಯೋ ಗೊತ್ತಾಗುವುದಿಲ್ಲ. ಮೇಲೆ ಚಂದ ಕಾಣುವುದನ್ನು ನಾನು ಮೊದಲು ಕುಟ್ಟುತ್ತೇನೆ.

ನನ್ನ ಒಬ್ಬಳೇ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಾಗ, ಚಳಿಗಾಲದಲ್ಲಿ, ಇದ್ದಕ್ಕಿದ್ದಂತೆ ಚಂದ ಮಾತಾಡಲು ಶುರು ಮಾಡಿದಳು.

ನಮ್ಮ ಮನೆಯಲ್ಲಿ ಮಾತು ಅಂದರೆ ಜೋರು. ಒಂದಿಷ್ಟು ಉಪ್ಪು ಬೇಕಾದರೂ ಓಣಿಗೆಲ್ಲ ಗೊತ್ತಾಗುತ್ತದೆ. ಒಮ್ಮೆ ಮೈಸೂರು ಕಡೆಯ ಬ್ಯಾಂಕಿನ ಸಾಹೇಬರೊಬ್ಬರು ಪಕ್ಕದ ಮನೆಗೆ ಬಾಡಿಗೆ ಬಂದಿದ್ದರು. ನಾನು, ನನ್ನ ಹೆಂಡತಿ ಚಹಾಕ್ಕೆ ಸಕ್ಕರೆ ಸಾಕೋ ಸಾಲದೋ ಎಂದು ಮಾತಾಡುತ್ತಿದ್ದಾಗ ಅವರು ಜಗಳ ಬಿಡಿಸಲು ಓಡಿ ಬಂದರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಒಂದು ದಿನ ಊಟಕ್ಕೆ ಕೂತು, ರೊಟ್ಟಿ ಹೇಗಾಗಿದೆ ಎಂದು ತಾಯಿ ಕೇಳಿದರೆ, ಮೆಲ್ಲಗೆ ಹೇಳಿದಳು:

“ಭಾಳ ರುಚಿ ಆಗೈತಿ. ನನಗ ಸಂತೋಷದಿಂದ ಅಳು ಬರಾಕತ್ತೈತಿ.”

ಅಳು ಇಲ್ಲ, ಸಂತೋಷವೂ ಇಲ್ಲ. ಮುಖ ಸಾರಿಸಿದ ಗೋಡೆಯಂತಿತ್ತು.

ಮರುದಿನ ನಾನು ಚಪ್ಪಲಿ ಹುಡುಕುತ್ತಿದ್ದರೆ, “ಅಪ್ಪಾ, ನಿಮ್ಮ ಚಪ್ಪಲಿ ನಿಮ್ಮ ಕಾಲಾಗ ಅದಾವ್ರಿ. ಅಭಿನಂದನೆಗಳು,” ಎಂದಳು. ಹುಟ್ಟಿದಾಗಿನಿಂದ ನನ್ನನ್ನು ‘ನೀ’ ಎಂದವಳು ‘ರಿ’ ಹಚ್ಚಿದ್ದಳು. ನನ್ನ ಎದೆಯಲ್ಲಿ ಸುತ್ತಿಗೆ ಬಿತ್ತು.

“ಇಕಿಗೆ ಏನಾಗೈತಿ?” ಎಂದು ಹೆಂಡತಿಯನ್ನು ಕೇಳಿದೆ.

“ಒದರೂದು ಬಿಟ್ಟಾಳ. ಛಲೋ ಆತಲ್ರಿ.”

“ಒದರೂ ಹುಡುಗಿ ಸುಮ್ನಾದ್ಲು ಅಂದ್ರ ಏನರ ಮುಚ್ಚಾಕತ್ತಾಳ ಅಂತ ಅರ್ಥ.”

“ಹಂಗಾರ ನೀವು ಏನೂ ಮುಚ್ಚಂಗಿಲ್ಲ ಬಿಡ್ರಿ,” ಎಂದು ಅವಳು ತೊಗರಿಬೇಳೆ ಹಸನು ಮಾಡಲು ಕೂತಳು.

ಸಂಶಯ ಸುಮ್ಮನೆ ಬಂದಿರಲಿಲ್ಲ. ಹತ್ತನೆಯದು ಮುಗಿದ ಮೇಲೆ ವಿಜಯಪುರಕ್ಕೆ ಹೋಗಿ, ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದುತ್ತೇನೆ ಎಂದು ಮಗಳು ದಸರೆಯಲ್ಲೇ ಕೇಳಿದ್ದಳು. ನಾನು ‘ನೋಡೋಣ’ ಎಂದಿದ್ದೆ. ನಾನು ‘ನೋಡೋಣ’ ಅಂದರೆ ಬೇಡ ಅನ್ನಲು ಕಾರಣ ಹುಡುಕುತ್ತಿದ್ದೇನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಿಂದಗಿಯಲ್ಲೂ ಕಾಲೇಜಿದೆ, ಅಂಗಡಿಯ ಮುಂದೆಯೇ ಹಾದುಹೋಗಬೇಕು. ಅಲ್ಲಿಗಾದರೆ ಹೋಗುವುದೂ ಕಾಣುತ್ತದೆ, ಬರುವುದೂ ಕಾಣುತ್ತದೆ. ಅವಳಿಗೆ ಬೇಕಿದ್ದದ್ದು ವಿಜಯಪುರ. ನನಗೆ ಬೇಕಿದ್ದದ್ದು ಒಂದು ಕಾರಣ.

ಒಂದು ಸಂಜೆ ಅಂಗಡಿ ಮುಚ್ಚಿ ಬಂದಾಗ ಕಾರಣದ ಸಪ್ಪಳ ಕೇಳಿಸಿತು. ತಾಯಿಯ ಮೊಬೈಲಿನಲ್ಲಿ ಯಾವುದೋ ಭಾಷೆಯ ಹುಡುಗಿ, ಹುಡುಗ ಮೆಲ್ಲಗೆ ಮಾತಾಡುತ್ತಿದ್ದರು. ಮಗಳು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದೆ. ಚಿತ್ರದ ಮಂದಿ. ಲಿಂಬೆಹಣ್ಣಿನಂಥ ಕಣ್ಣು. ಇಬ್ಬರೂ ಶಾಲೆಯ ಸಮವಸ್ತ್ರದಲ್ಲಿದ್ದರು.

“ಏನಿದು?”

“ಹೈಸ್ಕೂಲ್ ಹುಡುಗ್ರ ಕತಿ ಅಪ್ಪಾ. ಜಪಾನಿಂದು. ಅನಿಮೆ ಅಂತಾರ.”

“ಕಾರ್ಟೂನ್ ಅಂದ್ರ ಇಲಿ ಬೆಕ್ಕು ಓಡಾಡ್ತಾವು. ಇಲ್ಲಿ ಹುಡುಗ ಹುಡುಗಿ ಓಡಾಡಾಕತ್ತಾರ.”

“ಓಡಾಡಂಗಿಲ್ಲ ಅಪ್ಪಾ. ಬರೇ ಕುಂತಿರ್ತಾರ.”

ತನಿಖೆ ಮಾಡಬೇಕೆಂದು ನಾನೂ ಕೂತೆ. ಅವಳು ಹೇಳಿದ್ದು ನಿಜ. ನಗುವುದೇ ಗೊತ್ತಿಲ್ಲದ ಒಬ್ಬ ಹುಡುಗಿ. ಅವಳ ಪಕ್ಕದ ಬೆಂಚಿನಲ್ಲಿ ಎಲ್ಲವನ್ನೂ ನಿಜವೆಂದೇ ತಿಳಿಯುವ ಒಬ್ಬ ಹುಡುಗ. ಇಬ್ಬರೂ, ಥೇಟ್ ಈಗಿನ ನನ್ನ ಮಗಳಂತೆ, ಮುಖ ಅಲುಗಿಸದೆ ಮಾತಾಡುತ್ತಾರೆ. ಆಗುವುದು ಏನೂ ಇಲ್ಲ. ಒಂದು ಇಡೀ ಭಾಗ ಮಳೆಯಲ್ಲೇ ಕಳೆಯಿತು. ಒಂದೇ ಛತ್ರಿ. ‘ನೀ ತಗೋ’ ಅಂತ ಅವನು, ‘ನೀ ತಗೋ’ ಅಂತ ಅವಳು. ಕಡೆಗೆ ಛತ್ರಿಯನ್ನು ಒಂದು ಬೆಕ್ಕಿನ ಮೇಲೆ ಇಟ್ಟು ಇಬ್ಬರೂ ತೊಯ್ದುಕೊಂಡು ಹೋದರು.

“ಹುಚ್ಚರೇನು ಇವರು! ಒಂದ ಛತ್ರಿಯೊಳಗ ಇಬ್ಬರೂ ಹೋಗಬಾರದೇನು?” ಎಂದು ಒದರಿಬಿಟ್ಟೆ.

ಮಗಳು ಮೆಲ್ಲಗೆ ನನ್ನ ಕಡೆ ತಿರುಗಿದಳು. “ಅಪ್ಪಾ, ನೀವ ಹಿಂಗ ಅಂದ್ರ ಹೆಂಗ್ರಿ?”

ಮೂಲೆಯಲ್ಲಿ ಹೆಂಡತಿಗೆ ಕೆಮ್ಮು ಬಂತು.

ತೊಡಕು ಇದ್ದದ್ದು ಬೇರೆ ಕಡೆ. ಆ ಮಂದಿ ಮಾತಾಡುವುದು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷ್. ಏಳನೆಯ ಇಯತ್ತೆಯ ಇಂಗ್ಲಿಷಿನಲ್ಲಿ ನನಗೆ ಬರುವುದು ನನ್ನ ಹೆಸರು, ಕಬ್ಬಿಣದ ಅಳತೆ ಅಷ್ಟೇ. ನನ್ನ ಹೆಂಡತಿ ಬಾಗೇವಾಡಿಯವಳು, ತವರಿನಲ್ಲಿದ್ದಾಗ ಪಿಯುಸಿ ಮುಗಿಸಿದವಳು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವಳಂತೂ ಎತ್ತುವುದೇ ಇಲ್ಲ. ಅದೂ ನನಗೊಂದು ಸಂಶಯವೇ. ಅವಳನ್ನು ಕೇಳುವುದು ನನ್ನಿಂದಾಗದ ಮಾತು. ಹೀಗಾಗಿ ಮಗಳೇ ಓದಿ ಹೇಳಬೇಕಾಯಿತು. ಕಳ್ಳತನವಾಗಿದೆಯೇ ಎಂದು ಕಳ್ಳನನ್ನೇ ಕೇಳಿದ ಹಾಗೆ.

ಮೊದಲ ಅನುಮಾನ ಒಂದು ಸಣ್ಣ ಮಾತಿನಿಂದ ಬಂತು. ಆ ಹುಡುಗಿ ಮನೆಯಿಂದ ಹೊರಡುವಾಗ ಬೂಟು ಹಾಕಿಕೊಂಡು ಏನೋ ಅಂದಳು.

“ಏನಂತಾಳ?”

“ಹೋಗಿ ಬರ್ತೇನಿ ಅಂತಾಳ.”

“ಜಪಾನಿನೋರೂ ಹೋಗಿ ಬರ್ತೇನಿ ಅಂತಾರೇನು?”

“ಹೌದ್ರಿ. ಬರೇ ಹೋಗ್ತೇನಿ ಅನ್ನಂಗಿಲ್ಲ.”

ನನ್ನನ್ನು ಖುಷಿಪಡಿಸಲು ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡೆ. ಅಷ್ಟು ದೂರದ ಮಂದಿಗೆ ನಮ್ಮ ರೀತಿ ಹೇಗೆ ಗೊತ್ತಾಗಬೇಕು?

ಎರಡನೆಯ ಅನುಮಾನ ಕಿವಿಯದು. ಆ ಹುಡುಗ ಏನಾದರೂ ಅಂದರೆ ಹುಡುಗಿಯ ಮುಖ ಹಾಗೇ ಇರುತ್ತದೆ, ಕಿವಿ ಮಾತ್ರ ಕೆಂಪಾಗುತ್ತವೆ.

“ಕಿವಿ ಯಾಕ ಕೆಂಪಾದುವು?”

“ಥಂಡಿ ಐತಿ ಅಪ್ಪಾ ಅಲ್ಲಿ.”

“ಎಲ್ಲಾರೂ ಗಿಡ್ಡ ತೋಳಿನ ಅಂಗಿ ಹಾಕ್ಯಾರಲ್ಲ?”

ಮಗಳು ಮುಂದಿನ ಭಾಗ ಹಚ್ಚಿದಳು.

ಮೂರನೆಯದು ಆ ಹುಡುಗಿಯ ಅಪ್ಪ. ದಪ್ಪ ಮನುಷ್ಯ, ಕೊರಳಿಗೆ ಟೈ. ಮಗಳು ಮತ್ತು ಆ ಹುಡುಗ ರೈಲು ನಿಲ್ದಾಣದ ದಾರಿಯಲ್ಲಿ ಹೋಗುವಾಗ ಅವನು ಒಂದು ಲೈಟಿನ ಕಂಬದ ಹಿಂದೆ ನಿಂತಿದ್ದ. ಕಂಬದ ಎರಡೂ ಕಡೆ ಹೊಟ್ಟೆ ಕಾಣುತ್ತಿತ್ತು.

“ಇಂವ ಏನು ಮಾಡಾಕತ್ತಾನ?”

ಮಗಳು ಕಂಬವನ್ನೊಮ್ಮೆ ನೋಡಿದಳು. “ಲೈನಮನ್ ಅದಾನ. ಕಂಬ ರಿಪೇರಿ ಮಾಡಾಕತ್ತಾನ.”

ಕೆಲಸದ ಮನುಷ್ಯ ಅಂದ ಕೂಡಲೇ ನನಗೆ ಅವನ ಮೇಲೆ ಅಭಿಮಾನ ಬಂತು. ಮುಂದಿನ ಭಾಗದಲ್ಲಿ ಅವನು ಗಿಡದ ಹಿಂದಿದ್ದ. “ಟೊಂಗಿ ತಂತಿಗೆ ತಾಕತೈತಿ, ಅದನ್ನ ನೋಡಾಕತ್ತಾನ,” ಎಂದಳು. ಅದರ ಮುಂದಿನದರಲ್ಲಿ ಅಂಗಡಿಯ ಬೋರ್ಡಿನ ಹಿಂದಿದ್ದ. “ಬೋರ್ಡಿಗೆ ಲೈನ್ ಬಂದಿಲ್ಲ.” ಎಲ್ಲಿ ನೋಡಿದರೂ ದುಡಿಯುತ್ತಲೇ ಇದ್ದ. ನಾನು ಹೆಂಡತಿಗೂ ತೋರಿಸಿ, “ನೋಡು, ಮಗಳ ಸಾಲಿ ಖರ್ಚಿಗೆ ಹೆಂಗ ಕಷ್ಟಪಡಾಕತ್ತಾನ,” ಎಂದೆ. ಅವಳು ಬೇಳೆಯ ಮೊರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಆದರೆ ಕೈಕೆಲಸದವನ ಕಣ್ಣು ಸುಮ್ಮನಿರುವುದಿಲ್ಲ. ಲೈನಮನ್ನನ ಕೈಯಲ್ಲಿ ಒಂದು ಪಕ್ಕಡವಿಲ್ಲ, ಒಂದು ಟೆಸ್ಟರಿಲ್ಲ. ಬೂಟಿಗೆ ಪಾಲಿಶ್ ಬೇರೆ. ಅವನು ಕಂಬದ ಹಿಂದೆ ನಿಂತು ಬಹಳ ಹೊತ್ತು ಗೊಣಗುತ್ತಿದ್ದ, ಕೆಳಗೆ ಅಕ್ಷರ ಸಾಲುಸಾಲಾಗಿ ಓಡುತ್ತಿದ್ದವು. ಏನಂತಾನ ಎಂದು ಕೇಳಿದರೆ ಮಗಳು “ಏನಿಲ್ಲ, ಲೈನ್ ಬಂತು ಅಂತಾನ,” ಎಂದಳು. ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ? ಮಗಳು ಮಾತು ಕತ್ತರಿಸಿ ಹೇಳುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು. ಪ್ರೇಮದ ಮಾತೇ ಇರಬೇಕು, ಬೇರೇನು ಕತ್ತರಿಸುತ್ತಾರೆ?

ಅದೇ ಹೊತ್ತಿಗೆ ಶನಿವಾರಗಳು ಉದ್ದವಾದವು. ಶನಿವಾರ ಮುಂಜಾನೆಯ ಶಾಲೆ. ಬಿಟ್ಟ ಕೂಡಲೇ ಮನೆಗೆ ಬರುತ್ತಿದ್ದವಳು ಬಿಸಿಲು ನೆತ್ತಿಗೆ ಬಂದ ಮೇಲೆ ಬಂದು, ಚೀಲ ಇಟ್ಟು, ಮುಖ ತೊಳೆದು ಸುಮ್ಮನೆ ಕೂರತೊಡಗಿದಳು. ಒಂದು ಶನಿವಾರ ಮುಂಜಾನೆ ಅವಳು ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ನಿಂತೆ. ‘ಸಾಲಿ ಬಿಟ್ಟ ಮ್ಯಾಲೆ ಎಲ್ಲಿಗೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಹೊರಟವಳನ್ನು ಕೇಳುವುದು ಹೇಗೆ? ಪರೀಕ್ಷೆಯ ಕಾಲ ಬೇರೆ.

“ದೂರ ಹೊಂಟೀಯೇನು?” ಎಂದೆ.

“ಇಲ್ರಿ. ಭಾಳ ದೂರ ಅಲ್ಲ.”

“ಸಮೀಪೇನು?”

“ಭಾಳ ಸಮೀಪನೂ ಅಲ್ರಿ. ಹೋಗಿ ಬರ್ತೇನಿ.”

ಅವತ್ತು ಅಂಗಡಿಯಲ್ಲಿ ಹಿಡಿದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದೆ. ನನ್ನ ಜನ್ಮದಲ್ಲಿ ಹಾಗೆ ಮಾಡಿದವನಲ್ಲ. ಶಾಲೆ ಬಿಟ್ಟ ಮೇಲೆ ಗಾಡಿ ತೆಗೆದುಕೊಂಡು ಅವಳ ಹಿಂದೆ ಹಿಂದೆ ಹೋದೆ. ಅವಳು ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಬೆಂಚಿನ ಮೇಲೆ ಕೂತಳು. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಅವಳದೇ ಶಾಲೆಯ ಒಬ್ಬ ಹುಡುಗ ಕೂತಿದ್ದ.

ಎದುರಿಗೆ ಇಂಡಿಯ ಬಸ್ಸು ನಿಂತಿತ್ತು. ಅದರ ಹಿಂದಿನ ಗಾಲಿಯ ಹತ್ತಿರ ಮರೆಯಾಗಿ ನಿಂತು ನೋಡಿದೆ. ಇಬ್ಬರ ನಡುವೆ ಎರಡು ಚೀಲ. ಚೀಲದ ಮೇಲೆ ಒಂದು ಶೇಂಗಾದ ಪುಡಿಕೆ. ಅವನು ಒಂದು ತೆಗೆದುಕೊಳ್ಳುತ್ತಾನೆ, ಇವಳು ಒಂದು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಾತಿಲ್ಲ, ನಗುವಿಲ್ಲ. ಹುಡುಗ ಏನೋ ಅಂದ, ಮಗಳು ತಲೆಯಾಡಿಸಿದಳು, ಮತ್ತೆ ಶೇಂಗಾ. ಅವರು ನಕ್ಕಿದ್ದರೆ, ಒಬ್ಬರನ್ನೊಬ್ಬರು ಚೇಷ್ಟೆ ಮಾಡಿದ್ದರೆ, ನಾನು ಅಂಗಡಿಗೆ ಹಿಂದಿರುಗುತ್ತಿದ್ದೆನೇನೋ. ಇದು ಥೇಟ್ ಆ ಛತ್ರಿಯ ಭಾಗ. ಹುಡುಗನ ಕಿವಿ ನೋಡಿದೆ. ಕೆಂಪಗಿದ್ದವು. ಸಿಂದಗಿಯ ಬಿಸಿಲಿನಲ್ಲಿ ಕಂಡಕ್ಟರನ ಕಿವಿಯೂ ಕೆಂಪಗಿದ್ದವು, ಆದರೂ ನನಗೆ ಹುಡುಗನ ಕಿವಿ ಹೆಚ್ಚು ಕೆಂಪು ಕಂಡವು.

“ಇಂಡಿಗೆ ಬರೂರೇನ್ರಿ?” ಎಂದು ಕಂಡಕ್ಟರ್ ಕೇಳಿದ.

“ಇಲ್ಲ.”

“ಮತ್ಯಾಕ ಬಸ್ ತಬ್ಬಿಕೊಂಡು ನಿಂತೀರಿ?”

ಉತ್ತರ ಹುಡುಕುವಷ್ಟರಲ್ಲಿ ಅವನು ಸೀಟಿ ಊದಿದ. ಬಸ್ಸು ಹೋಯಿತು. ಬಟ್ಟಬಯಲಿನಲ್ಲಿ, ವೆಲ್ಡಿಂಗ್ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡವನು, ಬಸ್ಸಿನ ಗಾಲಿಗೆ ಆನಿಸಿದ್ದ ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದು ನಿಂತಿದ್ದೆ.

ಮಗಳು ನನ್ನನ್ನು ನೋಡಿದಳು. ಮುಖದಲ್ಲಿ ಏನೂ ಅಲುಗಲಿಲ್ಲ.

“ಅಪ್ಪಾ,” ಎಂದಳು, “ದೂರ ಹೊಂಟೀರೇನ್ರಿ?”

ಹುಡುಗ ಎದ್ದು ನಿಂತು ಕೈ ಮುಗಿದ. “ನಮಸ್ಕಾರ್ರಿ ಕಾಕಾ. ನಿಮ್ಮ ಬಸ್ ಹೋತ್ರಿ.”

“ನಾ ಬಸ್ಸಿಗೆ ಬಂದಿಲ್ಲ.”

“ಹೌದ್ರಿ,” ಎಂದ. ಸ್ವಲ್ಪ ಯೋಚಿಸಿ, “ಶೇಂಗಾ ತಿಂತೀರೇನ್ರಿ?” ಎಂದ.

ಅಷ್ಟರಲ್ಲಿ ದೇವಣಗಾಂವದ ಬಸ್ಸು ಬಂತು. ಅವನು ಮತ್ತೊಮ್ಮೆ ಕೈ ಮುಗಿದು, ಶೇಂಗಾದ ಪುಡಿಕೆಯನ್ನು ಬೆಂಚಿನ ಮೇಲೆ ಬಿಟ್ಟು ಹತ್ತಿ ಹೋದ. ಮಗಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ಮನೆಯ ಹೊಸ್ತಿಲು ದಾಟಿದ ಮೇಲೆ ಹೇಳಿದೆ:

“ಮೊಬೈಲ್ ಬಂದ್. ವಿಜಾಪುರನೂ ಬಂದ್. ಇಲ್ಲೇ ಓದು, ನನ್ನ ಕಣ್ಣ ಮುಂದ.”

ಒದರುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅದಕ್ಕೆ ನನ್ನ ಉತ್ತರಗಳೂ ತಯಾರಿದ್ದವು. ಅವಳು “ಆತ್ರಿ” ಎಂದು ಒಳಗೆ ಹೋಗಿ ಪುಸ್ತಕ ತೆರೆದಳು. ಹೆಂಡತಿಯೂ ಏನೂ ಅನ್ನಲಿಲ್ಲ. ಬಾಯಿ ಮಾಡದ ಇಬ್ಬರು ಹೆಂಗಸರ ನಡುವೆ ಇರುವುದು ಎಷ್ಟು ಕಷ್ಟ ಎಂಬುದು ಆ ವಾರ ಗೊತ್ತಾಯಿತು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದು ಜೋರಾಗಿ ಹೇಳಿದರೆ ಡಬ್ಬಿಯನ್ನೇ ತಂದು ಮುಂದಿಡುತ್ತಿದ್ದರು.

ಮುಂದಿನ ರವಿವಾರ ಊಟವಾದ ಮೇಲೆ ಹೆಂಡತಿ ಮೊಬೈಲ್ ತಂದು ನನ್ನ ಮುಂದೆ ಒರಗಿಸಿ ಇಟ್ಟಳು. ಮಗಳನ್ನು ಕರೆದು ಎದುರಿಗೆ ಕೂರಿಸಿದಳು.

“ಇವತ್ತ ನಾ ಓದ್ತೇನಿ,” ಎಂದಳು. ಮದುವೆಯಾದಾಗಿನಿಂದ ನನ್ನ ಮುಂದೆ ಅವಳು ಇಂಗ್ಲಿಷ್ ಓದಿದ್ದು ಅದೇ ಮೊದಲು.

ದಪ್ಪ ಮನುಷ್ಯ ಕಂಬದ ಹಿಂದೆ ಬಂದ. ಉದ್ದಕ್ಕೆ ಗೊಣಗಿದ. ಹೆಂಡತಿ ಒಂದೊಂದೇ ಸಾಲು ನಿಲ್ಲಿಸಿ, ಬೆರಳಿಟ್ಟು, ಅವನ ಗಂಟಲಿನಲ್ಲೇ ಹೇಳಿದಳು:

“ನನಗ ನನ್ನ ಮಗಳ ಮ್ಯಾಲೆ ಸಂಶಯ ಇಲ್ಲ. ಸಂಶಯ ಇದ್ದಿದ್ರ ಇದಕ್ಕಿಂತ ದಪ್ಪ ಕಂಬ ಹುಡುಕತಿದ್ದೆ.”

ನಾನು ಪರದೆ ನೋಡಿದೆ. ಕಂಬದ ಆಚೆಗೊಂದು, ಈಚೆಗೊಂದು ಹೊಟ್ಟೆ.

“ಲೈನಮನ್ ಅಲ್ಲೇನು ಇಂವ?”

“ಅಲ್ರಿ. ಆಫೀಸಿನ್ಯಾಗ ಕೆಲಸ. ರಜಾ ಹಾಕಿ ಬಂದಾನ.”

ಪ್ರೇಮದ ಮಾತುಗಳನ್ನು ಮಗಳು ಒಂದೂ ಬಿಡದೆ ಹೇಳಿದ್ದಳಂತೆ, ಇದ್ದದ್ದೇ ಅಷ್ಟಾದರೆ ಅವಳೇನು ಮಾಡಬೇಕು. ಕತ್ತರಿಸಿದ್ದೆಲ್ಲ ಈ ಅಪ್ಪನ ಮಾತು. ಲೈನಮನ್ ಮತ್ತು ಕಿವಿಯ ಥಂಡಿ, ಇವೆರಡು ಮಾತ್ರ ಕಟ್ಟಿದ್ದು.

“ಯಾಕ ಮುಚ್ಚಿಟ್ಟಿ?” ಎಂದು ಮಗಳನ್ನು ಕೇಳಿದೆ.

“ನಿನಗ ಸಿಟ್ಟು ಬರ್ತಿತ್ತು. ಸಿಟ್ಟು ಬಂದ್ರ ವಿಜಾಪುರಕ್ಕ ಕಳಸ್ತಿದ್ದಿಲ್ಲ.” ‘ರಿ’ ಹೋಗಿ ‘ನೀ’ ಬಂದಿತ್ತು. ಮುಖ ಮಾತ್ರ ಇನ್ನೂ ಗೋಡೆಯೇ. ಗೋಡೆಯ ಕೆಳಗೆ ಗದ್ದ ಸ್ವಲ್ಪ ನಡುಗುತ್ತಿತ್ತು.

ನನಗೆ ಸಿಟ್ಟು ಬಂದೇ ಬಂತು. ಆದರೆ ಆ ಹೊಟ್ಟೆಗಳ ಕಡೆ ಮತ್ತೊಮ್ಮೆ ಕಣ್ಣು ಹೋಯಿತು. ಇಂಡಿಯ ಬಸ್ಸು ಕಣ್ಣ ಮುಂದೆ ಬಂತು. ಮೊದಲು ನಕ್ಕವನು ನಾನೇ. ಆಮೇಲೆ ಹೆಂಡತಿ ನಕ್ಕ ನಗೆಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು.

ನಗು ಇಳಿದ ಮೇಲೆ ಒಂದು ಸಂಗತಿ ಹೊಳೆಯಿತು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಸರಿ. ಮಗಳು ಈಗ ಹೊರಟಿರಲಿಲ್ಲ, ಬರಿಗಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ನನ್ನ ಎದುರಿಗೆ ಕೂತಿದ್ದಳು. ಕೂತವರನ್ನು ಕೇಳಲು ಯಾರ ಅಡ್ಡಿಯೂ ಇಲ್ಲ. ಇಷ್ಟು ದಿನ ಅವಳು ಚಪ್ಪಲಿ ಮೆಟ್ಟಿದಾಗ ಮಾತ್ರ ನನಗೆ ಪ್ರಶ್ನೆ ನೆನಪಾಗುತ್ತಿತ್ತು.

“ಶನಿವಾರ ಬಸ್ ಸ್ಟ್ಯಾಂಡಿಗೆ ಯಾಕ ಹೋಗ್ತಿದ್ದಿ?”

“ಆ ಹುಡುಗನ ಅಕ್ಕ ವಿಜಾಪುರದಾಗ ಓದತಾಳ. ಯಾವ ಹಾಸ್ಟೆಲ್ ಛಲೋ, ಊಟ ಹೆಂಗ, ಎಲ್ಲಾ ಕೇಳಿ ಬಂದು ಹೇಳ್ತಿದ್ದ. ಬಸ್ ಬರೂತನ ಅಂವಗೂ ಕೆಲಸಿಲ್ಲ.”

“ಅಷ್ಟ?”

“ಈ ಕತಿ ಬಗ್ಗೆನೂ ಮಾತಾಡ್ತೇವಿ. ಅಂವನೂ ನೋಡ್ತಾನ.”

“ಅಷ್ಟ?”

“ಅಷ್ಟ.”

“ಅವನ ಕಿವಿ ಕೆಂಪಿದ್ದುವಲ್ಲ?”

“ಬಿಸಲು ಅಪ್ಪಾ.”

ಒಪ್ಪಿದೆನೇ? ಇಲ್ಲ. ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು. ಅಡ್ಡ ಕುಟ್ಟಿದರೂ ಬಿಡದ ಬೆಸುಗೆಯನ್ನು ಸುಮ್ಮನೆ ಒಡೆಯುವುದು ಕಸುಬುದಾರನ ಕೆಲಸವಲ್ಲ. ಹಾಗೆಂದು ಒಮ್ಮೆಲೇ ‘ಹೂಂ’ ಅನ್ನುವ ಗಂಡಸೂ ನಾನಲ್ಲ.

“ಹಾಸ್ಟೆಲಿನ ಗೇಟ್ ನೋಡಿ ಹೇಳ್ತೇನಿ,” ಎಂದೆ.

ಮಗಳು ತಾಯಿಯನ್ನು ನೋಡಿದಳು. ‘ನೋಡೋಣ’ ಅಲ್ಲ, ‘ಗೇಟ್ ನೋಡಿ ಹೇಳ್ತೇನಿ’. ಇದು ಮನೆಯಲ್ಲಿ ಹೊಸ ಮಾತು.

ಫಲಿತಾಂಶ ಬಂತು, ಒಳ್ಳೆಯದೇ ಬಂತು. ಮೂವರೂ ವಿಜಯಪುರದ ಬಸ್ಸು ಹತ್ತಿದೆವು. ದೇವರ ಹಿಪ್ಪರಗಿ ದಾಟುವ ತನಕ ‘ಇದು ನಂದು’ ಎಂದು ಗೇಟುಗಳನ್ನು ತೋರಿಸುತ್ತಿದ್ದೆ. ಆಮೇಲೆ ನನ್ನ ಗೇಟುಗಳು ಕಡಿಮೆಯಾದವು, ನಾನೂ ಸುಮ್ಮನಾದೆ.

ಹಾಸ್ಟೆಲಿನ ಗೇಟು ದೊಡ್ಡದಿತ್ತು. ಬಿಜಾಗರಿ ಅಲುಗಿಸಿದೆ, ಅಲುಗಲಿಲ್ಲ. ಸರಳುಗಳನ್ನು ಬೆರಳಿನ ಗಂಟಿನಿಂದ ಬಡಿದೆ, ಗಟ್ಟಿ ಸಪ್ಪಳ. ಕೂತು ಕೆಳಗಿನ ಬೆಸುಗೆಗಳನ್ನೂ ನೋಡಿದೆ. ಕಾವಲುಗಾರ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದವನು ಹತ್ತಿರ ಬಂದ.

“ಏನ್ ನೋಡಾಕತ್ತೀರಿ ಯಜಮಾನ್ರ?”

“ಗೇಟ್.”

“ಹೌದ್ರಿ, ಗೇಟ್ ಅದು,” ಎಂದು ಅವನು ಅಲ್ಲೇ ನಿಂತ. ಅವನ ಕಣ್ಣಿನಲ್ಲಿದ್ದ ಸಂಶಯವನ್ನು ಕಂಡು ನನಗೆ ಬಹಳ ಸಮಾಧಾನವಾಯಿತು. ಒಳ್ಳೆಯ ಕಾವಲುಗಾರ.

ಕುಂದು ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಒಂದಾದರೂ ಸಿಗಲಿ ಎಂದೇ ಹುಡುಕಿದ್ದೆ. ಒಂದು ಕಚ್ಚಾ ಬೆಸುಗೆ ಕಂಡಿದ್ದರೂ ಸಾಕಿತ್ತು, ಮಗಳು ಸಿಂದಗಿಯಲ್ಲೇ ಉಳಿಯಬಹುದಿತ್ತು. ಎದ್ದು ಮೊಣಕಾಲಿನ ಧೂಳು ಝಾಡಿಸಿಕೊಂಡೆ.

“ಪಕ್ಕಾ ಐತಿ,” ಎಂದೆ.

ಮಗಳ ಮುಖ ಗೋಡೆಯಂತೆಯೇ ಇತ್ತು. ಅವಳ ಕಿವಿ ಕೆಂಪಾದವು.

ಕಾಲೇಜು ಶುರುವಾಗುವ ದಿನ ಅವಳನ್ನು ಬಿಡಲು ಒಬ್ಬನೇ ಹೋದೆ. ಹೆಂಡತಿ ಸಿಂದಗಿಯ ನಿಲ್ದಾಣದಲ್ಲೇ ಕಣ್ಣೊರೆಸಿಕೊಂಡು, ಶೇಂಗಾ ಚಟ್ನಿಯ ಡಬ್ಬಿ ಕೊಟ್ಟು, ಬೇಗ ಬೇಗ ಮನೆಗೆ ಹೋದಳು. ಗೇಟಿನ ಹತ್ತಿರ ಮಗಳು ಚೀಲ ಹೆಗಲಿಗೇರಿಸಿದಳು. ನಾನು ಏನಾದರೂ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಅದೇ:

“ದೂರ ಹೊಂಟೀಯೇನು?”

“ಹೌದಪ್ಪಾ,” ಎಂದಳು. “ಸ್ವಲ್ಪ ದೂರ. ಹೋಗಿ ಬರ್ತೇನಿ.”

ಗೇಟಿನ ಒಳಗೆ ಹೋಗಿ ತಿರುಗಿ ನಿಂತು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದಳು. ನಾನು ಅವಳಂತೆಯೇ ಮುಖವನ್ನು ಗೋಡೆ ಮಾಡಿಕೊಂಡಿದ್ದೆ.

“ಅಪ್ಪಾ, ನಿನ್ನ ಕಿವಿ ಕೆಂಪಾಗ್ಯಾವು.”

“ಬಿಸಲು,” ಎಂದೆ.

ಮುಂಗಾರಿನ ಮೋಡ ಕವಿದು ಮುಂಜಾನೆಯಿಂದ ಬಿಸಿಲೇ ಬಿದ್ದಿರಲಿಲ್ಲ. ಅವಳು ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

“ಹೌದ್ರಿ,” ಎಂದು ಒಳಗೆ ಹೋದಳು.